ಇಪ್ಪತ್ತೆರಡಕ್ಕೇ ಆಟ ಮುಗಿಯುವುದಿಲ್ಲ

ರಜೆಗೆ ಅಸೂಟಿಗೆ ಬಂದರೆ ಕಟ್ಟೆಯ ಮೇಲೆ ಕುಳಿತ ಹಿರಿಯರದು ಒಂದೇ ಪ್ರಶ್ನೆ: ‘ತಮ್ಮಾ, ಪ್ಲೇಸ್‌ಮೆಂಟ್ ಆತೇನು?’ ನನ್ನ ಬಿಇ ಮುಗಿಯಲು ಇನ್ನೂ ಸಮಯವಿದೆ. ಆದರೂ ಇಪ್ಪತ್ತೆರಡರೊಳಗೆ ಕೆಲಸ ಸಿಗದಿದ್ದರೆ ಹುಡುಗ ಕೆಟ್ಟ ಎಂಬ ಆತಂಕ ಅವರ ದನಿಯಲ್ಲಿರುತ್ತದೆ. ಕಾಲೇಜಿನಲ್ಲೂ ಕ್ಯಾಂಪಸ್ ಸಂದರ್ಶನ ಎಂದರೆ ಐಪಿಎಲ್ ಹರಾಜಿನಂತೆಯೇ. ಎಲ್ಲ ವೃತ್ತಿಗಳನ್ನೂ ನಾವು ಆಟಗಾರರ ಗಡಿಯಾರದಿಂದ ಅಳೆಯುತ್ತಿದ್ದೇವೆ.

ನಮ್ಮ ಗದಗದ ಸುನಿಲ್ ಜೋಶಿ ಅವರನ್ನೇ ನೋಡಿ. ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮರಳಿ ಬಂದು ಶಾಲೆಗೆ ಹೋಗುತ್ತಿದ್ದವರು. 1996ರಲ್ಲಿ, 26ನೇ ವಯಸ್ಸಿಗೆ ಮೊದಲ ಟೆಸ್ಟ್ ಆಡಿದರು. 2000ರಲ್ಲಿ ಢಾಕಾ ಟೆಸ್ಟ್‌ನಲ್ಲಿ ಎಂಟು ವಿಕೆಟ್, 92 ರನ್ ಗಳಿಸಿ ಪಂದ್ಯಶ್ರೇಷ್ಠರಾದರು. ಆ ವರ್ಷದ ನಂತರ ಮತ್ತೆ ಟೆಸ್ಟ್ ಆಡಲಿಲ್ಲ. 15 ಟೆಸ್ಟ್, 41 ವಿಕೆಟ್. ಆಗ ಅವರಿಗೆ ಕೇವಲ 30 ವರ್ಷ.

ಈಗ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಹಾದಿ ನೋಡಿ. 1987ರಲ್ಲಿ ವಕೀಲಿಕೆ ಶುರು. ಹೈಕೋರ್ಟ್ ನ್ಯಾಯಮೂರ್ತಿಯಾದದ್ದು 2008ರಲ್ಲಿ, 45ನೇ ವಯಸ್ಸಿಗೆ. ಸುಪ್ರೀಂ ಕೋರ್ಟ್ ತಲುಪಿದ್ದು 2021ರಲ್ಲಿ. ಹೈಕೋರ್ಟ್‌ನಲ್ಲಿ ನಿವೃತ್ತಿ 62ಕ್ಕೆ, ಸುಪ್ರೀಂ ಕೋರ್ಟ್‌ನಲ್ಲಿ 65ಕ್ಕೆ. ಆಟಗಾರನ ಕಾಲು ಸೋಲುವ ವಯಸ್ಸಿನಲ್ಲಿ ನ್ಯಾಯಾಧೀಶರ ಅನುಭವಕ್ಕೆ ಬೆಲೆ ಬರುತ್ತದೆ.

‘ಅವರ ತಂದೆ ಇ.ಎಸ್. ವೆಂಕಟರಾಮಯ್ಯ ಸ್ವತಃ ದೇಶದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು, ಕಾಯಬಹುದಿತ್ತು. ನಾವು?’ ಎಂದು ಗೆಳೆಯ ಕೇಳಿದ. ಮಾತು ಸುಳ್ಳಲ್ಲ. ಕಾಯಬೇಕೆಂದರೆ ಮನೆಯಲ್ಲಿ ಜೋಳ ಇರಬೇಕು. ಶಿಕ್ಷಣ ಸಾಲದ ಕಂತು ನಮ್ಮ ಅನುಭವ ಮಾಗುವವರೆಗೂ ತಡೆಯುವುದಿಲ್ಲ. ಹಾಗಾಗಿ ಸಿಕ್ಕ ಕೆಲಸ ಹಿಡಿಯಬೇಕು, ಅದರಲ್ಲಿ ನಾಚಿಕೆಯಿಲ್ಲ. ಆದರೆ ಆ ಮೊದಲ ಸಂಬಳವೇ ನಮ್ಮ ಕೊನೆಯ ಸ್ಕೋರ್ ಎಂದು ನಂಬಬಾರದು.

ಎಂಜಿನಿಯರನಿಗೆ ವಯಸ್ಸಾದಂತೆ ಕಾಲು ಸೋತರೂ ಕಲಿತ ವಿದ್ಯೆ ಸೋಲುವುದಿಲ್ಲ, ಕಲಿಯುತ್ತಲೇ ಇದ್ದರೆ ಮಾತ್ರ. ನಮ್ಮ ವೃತ್ತಿ ಜೋಶಿ ಅವರದಕ್ಕಿಂತ ನ್ಯಾಯಾಧೀಶರದಕ್ಕೇ ಹತ್ತಿರ. ಮೊದಲ ಸಂದರ್ಶನದಲ್ಲಿ ಹೆಸರು ಬಾರದ ಸೀನಿಯರ್‌ಗಳು ಊರಿಗೆ ಬರಲೂ ಹಿಂಜರಿಯುವುದನ್ನು ನಾನು ಕಂಡಿದ್ದೇನೆ. ಕಟ್ಟೆಯ ಹಿರಿಯರಲ್ಲಿ ನನ್ನದೊಂದು ವಿನಂತಿ: ಮುಂದಿನ ಸಲ ‘ಕೆಲಸ ಆತೇನು’ ಅನ್ನುವ ಮೊದಲು ‘ಏನು ಕಲ್ತಿ ತಮ್ಮಾ’ ಅಂತ ಒಮ್ಮೆ ಕೇಳಿ.