ದೇವಾಲದ ಬೆಟ್ಟದಲ್ಲಿ ಓದಬೇಕಾದದ್ದು

ಬೇಸಿಗೆ ರಜೆಯಲ್ಲಿ ಗೆಳೆಯರ ಗುಂಪು ಕಟ್ಟಿಕೊಂಡು ಬೆಟ್ಟಕ್ಕೆ ಹೋಗಿ ಡೇರೆ ಹಾಕುವುದು ನೀಲಗಿರಿ, ವಯನಾಡು ಸೀಮೆಯ ವಿದ್ಯಾರ್ಥಿಗಳಿಗೆ ಹೊಸತೇನಲ್ಲ. ಅಂಥ ಗುಂಪುಗಳಲ್ಲಿ ಕೆಲವು ಗೂಡಲೂರಿನಿಂದ ದೇವಾಲ, ಪಂದಲೂರುಗಳ ಕಡೆಗೆ ತಿರುಗುತ್ತವೆ. ಅಲ್ಲಿ ಚಹಾ ತೋಟಗಳ ನಡುವೆ, ಲಂಟಾನದ ಪೊದೆಗಳ ಹಿಂದೆ, ಹಳೆಯ ಚಿನ್ನದ ಗಣಿಗಳ ಸುರಂಗಗಳಿವೆ. ಹುಡುಗರು ಸುರಂಗದ ಬಾಯಲ್ಲಿ ನಿಂತು ಚಿತ್ರ ತೆಗೆದುಕೊಳ್ಳುತ್ತಾರೆ, ಒಳಗೆ ಒಂದು ಕೂಗು ಹಾಕುತ್ತಾರೆ, ಇಳಿದು ಬರುತ್ತಾರೆ. ಐಚ್ಛಿಕ ಕನ್ನಡದ ವಿದ್ಯಾರ್ಥಿಗೆ ಇಷ್ಟು ಸಾಲದು.

ಆ ಸುರಂಗಗಳ ಹಿಂದಿನ ಕಥೆ ಸಣ್ಣದಲ್ಲ. 1877ರಲ್ಲಿ ವಯನಾಡಿನ ಆಗ್ನೇಯ ಭಾಗವನ್ನು ಮಲಬಾರ್ ಜಿಲ್ಲೆಯಿಂದ ಬಿಡಿಸಿ ನೀಲಗಿರಿಗೆ ಸೇರಿಸಿದರು. ಎರಡೇ ವರ್ಷಗಳಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯದಿಂದ ಗಣಿ ತಜ್ಞ ಬ್ರೌ ಸ್ಮಿತ್ ಬಂದು ಇಲ್ಲಿಯ ಬೆಣಚುಕಲ್ಲಿನ ಎಳೆಗಳನ್ನು ಪರೀಕ್ಷಿಸಿದನು. ಅವನ ವರದಿ ಆಸೆ ಹುಟ್ಟಿಸುವಂತಿತ್ತು. ಲಂಡನ್ ಪೇಟೆಯಲ್ಲಿ ಹತ್ತಾರು ಕಂಪನಿಗಳು ಎದ್ದವು. ಬೆಟ್ಟವನ್ನು ಕಣ್ಣಿಂದ ಕಾಣದವರು ಷೇರು ಕೊಂಡರು. ಕಲ್ಲು ಕುಟ್ಟುವ ಭಾರೀ ಯಂತ್ರಗಳು ಕಾಡಿನ ದಾರಿಯಲ್ಲಿ ಏರಿಬಂದವು, ಪಂದಲೂರಿನಲ್ಲಿ ಮನೆ ಮಳಿಗೆಗಳು ಎದ್ದವು. ಕುಟ್ಟಿದ ಪುಡಿಯಿಂದ ಪಾದರಸ ಹಿಡಿದುಕೊಟ್ಟ ಚಿನ್ನ ಮಾತ್ರ ಖರ್ಚಿಗೂ ಸಾಲಲಿಲ್ಲ. ಕೆಲವೇ ವರ್ಷಗಳಲ್ಲಿ ಒಂದೊಂದಾಗಿ ಕಂಪನಿಗಳು ಮುಳುಗಿ, ಊರು ಬರಿದಾಯಿತು. ಅದೇ ದಶಕದಲ್ಲಿ ಕೋಲಾರದಲ್ಲಿ ಎಳೆ ಸಿಕ್ಕಿತು. ಆ ಗಣಿ 2001ರವರೆಗೂ ನಡೆಯಿತು. ಗೆದ್ದ ಗಣಿಗೆ ಚರಿತ್ರೆಯೂ ಉಂಟು, ಚಲನಚಿತ್ರವೂ ಉಂಟು. ಸೋತ ಗಣಿ ವಾರಾಂತ್ಯದ ವಿಹಾರಕ್ಕೆ ಉಳಿಯಿತು!

ಸ್ಮಿತ್ ಬರುವುದಕ್ಕೆ ಬಹು ಮೊದಲೇ ಇಲ್ಲಿ ಚಿನ್ನ ಬಲ್ಲವರಿದ್ದರು. ಕುರುಂಬರೂ ಪಣಿಯರೂ ಹೊಳೆಯ ಮಣ್ಣನ್ನು ಮರದ ತಟ್ಟೆಯಲ್ಲಿ ತೊಳೆದು ಕಣ ಕಣವಾಗಿ ಹೊನ್ನು ತೆಗೆಯುತ್ತಿದ್ದರು. ಅವರು ತೋಡಿ ಬಿಟ್ಟ ಹಳೆಯ ಗುಂಡಿಗಳೇ ಕಂಪನಿಗಳವರಿಗೆ ಎಳೆಯ ಜಾಡು ತೋರಿಸಿದವು. ಷೇರುಪತ್ರಗಳಲ್ಲಿ ಅವರ ಹೆಸರು ಬರಲಿಲ್ಲವೆಂಬುದು ಆಶ್ಚರ್ಯವಲ್ಲ. ಅವರ ನುಡಿ ಇಂದಿಗೂ ಕನ್ನಡ ವಿಭಾಗಗಳ ಗಮನಕ್ಕೆ ಅಷ್ಟಾಗಿ ಬಾರದಿರುವುದು ಹೆಚ್ಚು ನೋವಿನ ಸಂಗತಿ. ಬೆಟ್ಟಕುರುಂಬರ ಮಾತು ಕನ್ನಡಕ್ಕೆ ತೀರ ಹತ್ತಿರದ್ದು, ಆದರೂ ತನ್ನದೇ ಜಾಯಮಾನವುಳ್ಳದ್ದು. ಹಳಗನ್ನಡದ ‘ಪೊನ್’ ನಡುಗನ್ನಡದ ಹೊತ್ತಿಗೆ ‘ಹೊನ್ನು’ ಆಯಿತೆಂದು ತರಗತಿಯಲ್ಲಿ ಬರೆದುಕೊಳ್ಳುವ ವಿದ್ಯಾರ್ಥಿ, ಆ ಪಕಾರ ಹಕಾರಗಳ ಗಡಿ ಈ ಬೆಟ್ಟಸಾಲಿನಲ್ಲೇ ಹಾದುಹೋಗುವುದನ್ನು ಕಿವಿಯಾರೆ ಕೇಳಬಹುದು. ಮೇಲಿನ ಪ್ರಸ್ಥಭೂಮಿಯಲ್ಲಿ ಬಡಗರ ಹಕಾರ, ಕೆಳಗಿನ ಇಳಿಜಾರಿನಲ್ಲಿ ತಮಿಳು ಮಲಯಾಳಗಳ ಪಕಾರ.

ಗಣಿಯ ವಿಚಾರ ಭೂವಿಜ್ಞಾನದವರಿಗಿರಲಿ, ಸಾಹಿತ್ಯದ ಹುಡುಗರಿಗೇಕೆ ಎಂದು ಕೇಳುವವರುಂಟು. ವಿಷ್ಣುವರ್ಧನನ ದಂಡನಾಯಕ ಪುಣಿಸ ನೀಲಗಿರಿಯನ್ನು ಗೆದ್ದನೆಂದು ಹೇಳುವ 1117ರ ಚಾಮರಾಜನಗರದ ಶಾಸನವನ್ನು ಅದೇ ಹುಡುಗರಿಗೆ ಅಭಿಮಾನದಿಂದ ಪರಿಚಯಿಸಲಾಗುತ್ತದೆ. ಗೆದ್ದ ಬೆಟ್ಟ ಕನ್ನಡದ ವಿಷಯವಾಗುವುದಾದರೆ, ಅದೇ ಬೆಟ್ಟದಲ್ಲಿ ಅಗೆದವರ, ತೊಳೆದವರ ಬದುಕು ಏಕೆ ಆಗಬಾರದು? ಗಡಿಯಾಚೆಯ ಕನ್ನಡವೆಂದರೆ ಶಾಸನ, ಬಸದಿ, ರಾಜಮನೆತನ ಎಂದಷ್ಟೇ ತಿಳಿಯುವ ಅಭ್ಯಾಸ ಈಗಲಾದರೂ ಸಡಿಲಬೇಕು.

ಇನ್ನು ಸುರಂಗದ ಮಾತು. ಅದರೊಳಗೆ ಕಾಲಿಡುವುದು ಸಾಹಸವೆನಿಸಿಕೊಳ್ಳದು, ಅದು ಅವಿವೇಕ. ಆಸರೆಯ ಮರಗಳು ಕೊಳೆತು ಶತಮಾನವೇ ಕಳೆದಿದೆ. ಒಳಗಿನ ಗಾಳಿ ಕೆಟ್ಟಿರುತ್ತದೆ. ನೀರು ತುಂಬಿದ ಬಾವಿಯಂಥ ಗುಂಡಿಗಳು ಪೊದೆಯಡಿ ಮುಚ್ಚಿಹೋಗಿರುತ್ತವೆ. ಈಚಿನ ದಶಕಗಳಲ್ಲಿ ಬಡವರು ಕದ್ದು ಅಗೆಯಲು ಇಳಿದು ಇವುಗಳಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. 1964ರ ಭಾರತ–ಸಿಂಹಳ ಒಪ್ಪಂದದ ಬಳಿಕ ಶ್ರೀಲಂಕೆಯಿಂದ ಮರಳಿದ ತಮಿಳು ಕೂಲಿಕಾರರಿಗೆ ಈ ತಾಲ್ಲೂಕುಗಳ ಚಹಾ ತೋಟಗಳಲ್ಲಿ ನೆಲೆ ಕೊಟ್ಟರು. ತೋಟದ ಕೂಲಿ ಸಾಲದೆ ಗಣಿಗೆ ಇಳಿದವರಲ್ಲಿ ಆ ಮನೆಗಳವರೂ ಇದ್ದರು. ಹೊಟ್ಟೆಪಾಡಿಗಾಗಿ ಇಳಿದವನು ಸತ್ತ ಜಾಗದಲ್ಲಿ ಮೋಜಿಗಾಗಿ ಇಳಿಯುವವನು ಒಂದು ಗಳಿಗೆ ನಿಂತು ಯೋಚಿಸಬೇಡವೇ?

ಡೇರೆಯ ವಿಷಯದಲ್ಲಿಯೂ ಸ್ವಲ್ಪ ಬಿಗಿ ಬೇಕು. ಇದು ಆನೆ ತಿರುಗುವ ನೆಲ. ಏಪ್ರಿಲ್ ತಿಂಗಳಲ್ಲಿ ಹುಲ್ಲು ಒಣಗಿ ನಿಂತಿರುವಾಗ ಒಂದು ಕೊಳ್ಳಿ ಕಾಡ್ಗಿಚ್ಚಾಗಲು ಹೆಚ್ಚು ಹೊತ್ತು ಹಿಡಿಯದು. ಮೀಸಲು ಕಾಡಿನಲ್ಲಿ ಅಪ್ಪಣೆಯಿಲ್ಲದೆ ತಂಗುವುದು ಅಪರಾಧವೂ ಹೌದು. ಊರ ಬಳಿ, ಜಮೀನಿನ ಒಡೆಯರನ್ನು ಕೇಳಿ ತಂಗುವುದೇ ಲೇಸು. ಹಾಗೆ ತಂಗಿದ ಗುಂಪಿಗೆ ಮತ್ತೊಂದು ಲಾಭವಿದೆ: ಸಂಜೆ ಜನ ಸಿಗುತ್ತಾರೆ.

ಆ ಜನರೊಡನೆ ಕುಳಿತು ತೋಟಕ್ಕೆ ಬ್ರಿಟಿಷರಿಟ್ಟ ಹೆಸರೇನು, ಕೂಲಿಯವರು ಕರೆಯುವ ಹೆಸರೇನು, ಹಳ್ಳಕ್ಕೆ ಬೆಟ್ಟಕುರುಂಬರಲ್ಲಿ ಇರುವ ಹೆಸರೇನು ಎಂದು ಕೇಳಿ ಮೂರನ್ನೂ ಪಕ್ಕ ಪಕ್ಕ ಬರೆದರೆ, ವಿಭಾಗದ ಭಿತ್ತಿಪತ್ರಿಕೆಗೆ ಒಂದು ಹಾಳೆ ತುಂಬುತ್ತದೆ. ಚಿನ್ನ ತೊಳೆಯುವ ತಟ್ಟೆಗೆ, ಬೆಣಚುಕಲ್ಲಿಗೆ, ತೊಳೆದು ಉಳಿದ ಕರಿ ಮರಳಿಗೆ ತಮ್ಮ ಅಜ್ಜಂದಿರು ಏನೆನ್ನುತ್ತಿದ್ದರೆಂದು ಹೇಳಬಲ್ಲ ಹಿರಿಯರು ಹಾಡಿಗಳಲ್ಲಿ ಇನ್ನೂ ಇದ್ದಾರು. ಜೂನ್ ತಿಂಗಳಲ್ಲಿ ದೇವಾಲಕ್ಕೆ ಮಳೆ ಹಿಡಿದರೆ ಕಾಲುದಾರಿಗಳಲ್ಲಿ ನಡೆಯುವುದೇ ಕಷ್ಟ. ಹೋಗುವವರು ಮೇ ಮುಗಿಯುವುದರೊಳಗೆ ಹೋಗಬೇಕು. ಚೀಲದಲ್ಲಿ ಒಂದು ನೋಟುಪುಸ್ತಕಕ್ಕೆ ಜಾಗ ಇರಲಿ.