ಕೊಡುವ ಕೈಗೆ ಕ್ಯಾಮೆರಾ ಏಕೆ?

ಅಕ್ಕಿಯ ಚೀಲ ಒಂದು. ಅದನ್ನು ಹಿಡಿದ ಕೈಗಳು ಎಂಟು. ಏಳು ಕೈಗಳು ಕೊಡುವವರವು, ಒಂದು ಕೈ ಪಡೆಯುವವಳದು. ಕೊಡುವವರೆಲ್ಲರ ಮುಖದಲ್ಲಿ ನಗು. ಪಡೆಯುವವಳ ದೃಷ್ಟಿ ಮಾತ್ರ ನೆಲದಲ್ಲಿ. “ಅಮ್ಮಾ, ಸ್ವಲ್ಪ ಇತ್ತ ನೋಡಿ” ಎನ್ನುತ್ತಾರೆ ಯಾರೋ. ಆಕೆ ತಲೆಯೆತ್ತುತ್ತಾಳೆ, ಚಿತ್ರ ಸೆರೆಯಾಗುತ್ತದೆ. ಸಂಜೆಯೊಳಗೆ ಆ ಚಿತ್ರ ಪುತ್ತೂರಿನಿಂದ ಸುಳ್ಯಕ್ಕೆ, ಸುಳ್ಯದಿಂದ ಕಡಬಕ್ಕೆ, ಅಲ್ಲಿಂದ ಕೊಲ್ಲಿ ರಾಷ್ಟ್ರಗಳಲ್ಲಿರುವ ನೆಂಟರ ಮೊಬೈಲುಗಳಿಗೆ ತಲುಪಿರುತ್ತದೆ. ಆಕೆಯ ಮಗಳ ಸಹಪಾಠಿಗಳ ಮನೆಗಳಿಗೂ ತಲುಪಿರುತ್ತದೆ. ಅಕ್ಕಿ ಹದಿನೈದು ದಿನಗಳಲ್ಲಿ ಮುಗಿಯುತ್ತದೆ, ಚಿತ್ರ ಮುಗಿಯುವುದಿಲ್ಲ.

ಪ್ರಿಯ ಓದುಗರೇ, ಇದು ಯಾವುದೋ ರಾಜಕೀಯ ಪಕ್ಷದ ಸಭೆಯ ವರ್ಣನೆಯೆಂದು ತಿಳಿದು ನಾವು ನಿರಾಳರಾಗುವಂತಿಲ್ಲ. ನಮ್ಮ ಧರ್ಮಕೇಂದ್ರಗಳ ಸಂಘಗಳೂ ಈ ಚಾಳಿಗೆ ಬಿದ್ದಿವೆ. ದಾನ ಕೊಡುವಾಗ ತುತ್ತೂರಿ ಊದಿಸಬಾರದೆಂದು ಯೇಸುಸ್ವಾಮಿ ಕಲಿಸಿದ್ದನ್ನು ತಪಸ್ಸುಕಾಲದ ಮೊದಲ ದಿನವಾದ ವಿಭೂತಿ ಬುಧವಾರದಂದೇ ನಾವು ಪ್ರತಿವರ್ಷ ಆಲಿಸುತ್ತೇವೆ. ಹಣೆಗೆ ಬೂದಿ ಹಚ್ಚಿಸಿಕೊಂಡು ಹೊರಬಂದು, ಅದೇ ವಾರ ಕಿಟ್ ವಿತರಣೆಗೆ ಛಾಯಾಗ್ರಾಹಕನನ್ನು ಗೊತ್ತುಮಾಡುತ್ತೇವೆ! ತುತ್ತೂರಿಯ ಕಾಲ ಮುಗಿದಿರಬಹುದು, ಅದರ ಕೆಲಸವನ್ನು ಈಗ ಮೊಬೈಲು ಮಾಡುತ್ತಿದೆ.

ಈ ಮಾತಿಗೆ ಮೂರು ಆಕ್ಷೇಪಗಳು ಬರುತ್ತವೆ. ಮೊದಲನೆಯದು ಲೆಕ್ಕಪತ್ರದ್ದು. ಚಿತ್ರವಿಲ್ಲದಿದ್ದರೆ ದಾನಿಗಳು ನಂಬುವುದಿಲ್ಲವಂತೆ. ಆದರೆ ಲೆಕ್ಕಪರಿಶೋಧಕರು ಕೇಳುವುದು ಅಂಗಡಿಯ ಬಿಲ್ಲನ್ನು, ಪಡೆದವರ ಸಹಿಯನ್ನು. ಅವರು ಎಂದಾದರೂ ಬಡವರ ಮುಖವನ್ನು ಕೇಳಿದ್ದುಂಟೆ? ಇಷ್ಟು ಕ್ವಿಂಟಾಲ್ ಅಕ್ಕಿ, ಇಷ್ಟು ಮನೆಗಳು, ಇಷ್ಟು ರೂಪಾಯಿ ಎಂದು ಬಲಿಪೂಜೆಯ ಬಳಿಕ ಓದಿಹೇಳಿದರೆ ಸಾಲದೆ? ನಮ್ಮ ಪ್ರಾಮಾಣಿಕತೆಯ ಬಗ್ಗೆ ದಾನಿಗಳಿಗೆ ಸಂಶಯವಿದ್ದರೆ ಅದನ್ನು ನಾವು ನೀಗಿಸಿಕೊಳ್ಳಬೇಕು. ಅದರ ಬೆಲೆಯನ್ನು ಬಡವಿಯೊಬ್ಬಳು ತನ್ನ ಮುಖದಿಂದ ತೆರಬೇಕಾಗಿಲ್ಲ.

ಎರಡನೆಯದು, “ಅವರೇ ಒಪ್ಪಿದ್ದಾರಲ್ಲ” ಎಂಬುದು. ಎದುರಿಗೆ ಅಕ್ಕಿಯ ಚೀಲವಿಟ್ಟು, ಹಿಂದೆ ಸರದಿಯ ಸಾಲು ನಿಂತಿರುವಾಗ ಯಾರು ತಾನೇ ಬೇಡವೆಂದಾರು? ನಿರಾಕರಿಸುವ ಸ್ವಾತಂತ್ರ್ಯವಿಲ್ಲದವರ ಒಪ್ಪಿಗೆಯನ್ನು ಒಪ್ಪಿಗೆಯೆನ್ನಲಾಗದು. 2020ರ ಲಾಕ್‌ಡೌನ್ ದಿನಗಳಲ್ಲಿ ಈ ಸತ್ಯ ದೇಶಕ್ಕೇ ಕಂಡಿತು. ಊಟದ ಪೊಟ್ಟಣಕ್ಕಾಗಿ ಕೈಚಾಚಿದವರ ಚಿತ್ರಗಳು ಎಲ್ಲೆಡೆ ತುಂಬಿದಾಗ, ರಾಜಸ್ಥಾನದ ಅಜ್ಮೀರ್ ಜಿಲ್ಲಾಡಳಿತವು ಆಹಾರ ವಿತರಣೆಯ ವೇಳೆ ಫೋಟೋ ತೆಗೆಯುವುದನ್ನೇ ನಿಷೇಧಿಸಿತು. ಜಿಲ್ಲಾಧಿಕಾರಿಯೊಬ್ಬರಿಗೆ ತೋಚಿದ್ದು ಶುಭಸಂದೇಶವನ್ನು ದಿನವೂ ಓದುವ ನಮಗೆ ತೋಚದೆ ಹೋಯಿತೆ?

ಮೂರನೆಯ ಆಕ್ಷೇಪ ಗಂಭೀರವಾದುದು, ನಮ್ಮ ಸೀಮೆಗೇ ಸೇರಿದ್ದು. “ಚಿತ್ರಗಳಿಲ್ಲದಿದ್ದರೆ ಎಂಡೋಸಲ್ಫಾನ್ ಸಂತ್ರಸ್ತರ ಗೋಳು ಜಗತ್ತಿಗೆ ತಿಳಿಯುತ್ತಿತ್ತೆ?” ಎಂದು ಕೇಳುತ್ತಾರೆ. ನಿಜ, ತಿಳಿಯುತ್ತಿರಲಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷವನ್ನು ಗಡಿಯಾಚೆಯ ಕಾಸರಗೋಡೂ ಉಂಡಿತು, ಪುತ್ತೂರು, ಸುಳ್ಯ, ಬೆಳ್ತಂಗಡಿಯ ಹಳ್ಳಿಗಳೂ ಉಂಡವು. ಕೃಷಿ ಪತ್ರಕರ್ತ ಶ್ರೀ ಪಡ್ರೆ ಮತ್ತು ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ದನಿಯೆತ್ತಿದಾಗ ಆರಂಭದಲ್ಲಿ ಕೇಳಿಸಿಕೊಂಡವರು ವಿರಳ. ‘ಮಾತೃಭೂಮಿ’ಯ ಛಾಯಾಗ್ರಾಹಕ ಮಧುರಾಜ್ ತೆಗೆದ ಚಿತ್ರಗಳು ಕಾಸರಗೋಡಿನ ಮಕ್ಕಳನ್ನು ನಾಡಿನ ಕಣ್ಣೆದುರು ನಿಲ್ಲಿಸಿದವು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸೇರಿದ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಮರುತಿಂಗಳ 13ರಂದು ನಮ್ಮ ಸುಪ್ರೀಂ ಕೋರ್ಟು ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. ಆ ಹಾದಿಯಲ್ಲಿ ಚಿತ್ರಗಳ ಪಾಲು ಸಣ್ಣದಲ್ಲ.

ಆದರೆ ಆ ಚಿತ್ರಗಳು ಯಾರತ್ತ ಬೆರಳು ತೋರಿದವು ಎಂಬುದನ್ನು ಗಮನಿಸಿ. “ಈ ಮಗುವಿಗೆ ಹೀಗೆ ಮಾಡಿದವರಾರು?” ಎಂದು ಅವು ಸರಕಾರವನ್ನು, ನಿಗಮವನ್ನು, ಕಂಪೆನಿಯನ್ನು ಕೇಳಿದವು. ಅವುಗಳಲ್ಲಿ ದಾನಿಯ ನಗುಮುಖವಿರಲಿಲ್ಲ. ನಮ್ಮ ಕಿಟ್ ವಿತರಣೆಯ ಚಿತ್ರ ಕೇಳುವುದೇನನ್ನು? “ಕೊಟ್ಟವರಾರು?” ಎಂದಷ್ಟೇ. ಆ ಮನೆಗೆ ಅಕ್ಕಿಯೇಕೆ ಇಲ್ಲ, ಪಿಂಚಣಿ ಏಕೆ ಬಂದಿಲ್ಲ, ದಾರಿ ಏಕೆ ಆಗಿಲ್ಲ ಎಂದು ಅದು ಕೇಳುವುದಿಲ್ಲ.

ನ್ಯಾಯಕ್ಕಾಗಿ ತೆಗೆದ ಚಿತ್ರಕ್ಕೂ ಮಿತಿಯುಂಟು. ಎಂಡೋಸಲ್ಫಾನ್ ಸುದ್ದಿಯಾಗಿದ್ದ ವರ್ಷಗಳಲ್ಲಿ ನಾವು ಕೆಲವರು ಹಣ್ಣು-ಬಟ್ಟೆ ಹಿಡಿದುಕೊಂಡು ಈಗಿನ ಕಡಬ ತಾಲೂಕಿನ ಒಂದು ಮನೆಗೆ ಹೋಗಿದ್ದೆವು. ಜೀಪಿನ ಸದ್ದು ಕೇಳಿದೊಡನೆ ತಾಯಿ ಮಗುವನ್ನು ಎತ್ತಿ ಜಗಲಿಗೆ ತಂದು, ಬೆಳಕಿರುವ ಕಡೆ ಮಲಗಿಸಿದಳು. ಯಾರೂ ಹೇಳಿರಲಿಲ್ಲ, ಆಕೆಗೆ ಅಭ್ಯಾಸವಾಗಿಹೋಗಿತ್ತು. ನಮ್ಮಲ್ಲೊಬ್ಬರು ಕ್ಯಾಮೆರಾ ತೆಗೆದರು. ಹೊರಡುವಾಗ ಆಕೆ ಮೆಲ್ಲನೆ ಕೇಳಿದಳು: “ಇವನ ಫೋಟೋ ತೆಗೆದವರು ತುಂಬ ಜನ ಸ್ವಾಮೀ. ಮನೆಯಲ್ಲಿ ಇಡಲಿಕ್ಕೆ ಒಂದು ಕಾಪಿ ತಂದುಕೊಟ್ಟವರು ಯಾರೂ ಇಲ್ಲ. ನೀವಾದರೂ ಕೊಡುತ್ತೀರಾ?” ಕೊಡುತ್ತೇವೆ ಎಂದೆವು. ನಾವೂ ಕೊಡಲಿಲ್ಲ. ಆ ತಪ್ಪಿನಲ್ಲಿ ಈ ಲೇಖಕನಿಗೂ ಪಾಲಿದೆ.

ಬಾಲನ್ಯಾಯ ಕಾಯ್ದೆ, 2015ರ 74ನೇ ಕಲಮು, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ವಿಚಾರಣೆಯ ಕುರಿತ ವರದಿಯಲ್ಲಿ ಆ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಬಹಿರಂಗಪಡಿಸಬಾರದು ಎನ್ನುತ್ತದೆ. ಬಡ ಮಗುವಿನ ಮಾನದ ಬಗ್ಗೆ ಕಾನೂನಿಗಿರುವ ಈ ಎಚ್ಚರ ನಮ್ಮ ಪ್ರೀತಿಗೆ ಇಲ್ಲದಿದ್ದರೆ ಅದು ಎಂತಹ ಪ್ರೀತಿ?

ಆದುದರಿಂದ ನಮ್ಮ ಧರ್ಮಕೇಂದ್ರಗಳಲ್ಲಿ ಮೂರು ನಿಯಮಗಳು ಜಾರಿಗೆ ಬರಲಿ. ನೆರವನ್ನು ವೇದಿಕೆಗೆ ಕರೆಸಿ ಕೊಡದೆ ಮನೆಗೆ ಕೊಂಡೊಯ್ದು ಕೊಡೋಣ; ಆಗ ಜೊತೆಗೆ ಕ್ಯಾಮೆರಾ ಬರಬಾರದು. ವರದಿಗೆ ಚಿತ್ರ ಬೇಕೇ ಬೇಕೆಂದಾದರೆ ಜೋಡಿಸಿಟ್ಟ ಚೀಲಗಳದೋ, ದುರಸ್ತಿಯಾದ ಮಾಡಿನದೋ, ತೋಡಿದ ಬಾವಿಯದೋ ಇರಲಿ. ಅನ್ಯಾಯವನ್ನು ತೋರಿಸಲು ಮುಖವೇ ಬೇಕಾದಲ್ಲಿ, ಏನನ್ನೂ ಕೊಡದ ದಿನ ಹೋಗಿ, ಚಿತ್ರ ಎಲ್ಲಿ ಬರುತ್ತದೆ, ಯಾರು ನೋಡುತ್ತಾರೆ ಎಂದು ತಿಳಿಸಿ ಕೇಳೋಣ. ಬೇಡವೆಂದರೆ ನಮಸ್ಕರಿಸಿ ಹಿಂದಿರುಗೋಣ. ಮುಂದಿನ ತಿಂಗಳ ಅಕ್ಕಿ ಮಾತ್ರ ನಿಲ್ಲದಿರಲಿ.

ಕ್ಯಾಮೆರಾ ಹಿಡಿಯುವ ಆಸೆ ಇನ್ನೂ ಉಳಿದಿದ್ದರೆ, ಹಬ್ಬದ ದಿನ ಆ ಮನೆಗೆ ಹೋಗಿ. ಮಕ್ಕಳು ಹೊಸ ಬಟ್ಟೆ ತೊಟ್ಟು, ತಲೆ ಬಾಚಿ ನಿಂತಾಗ ಅವರು ಬಯಸಿದಂತೆ ಒಂದು ಚಿತ್ರ ತೆಗೆಯಿರಿ. ಅದನ್ನು ಯಾರಿಗೂ ಕಳುಹಿಸಬೇಡಿ. ಚೌಕಟ್ಟು ಹಾಕಿಸಿ, ಆ ತಾಯಿಯ ಕೈಗೆ ಕೊಟ್ಟು ಬನ್ನಿ.