ಒಂದು ಹೆಸರಿಗೆ ಎಷ್ಟು ರೂಪಾಯಿ?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎರಡು ಹಾಳೆಯ ಪತ್ರ ಬರೆದಿದ್ದಾಳೆ. ಹೆಸರು, ಊರು ಹಾಕಬೇಡಿ ಎಂದು ಅವಳೇ ಕೇಳಿಕೊಂಡಿದ್ದಾಳೆ. ಬೇಸಿಗೆ ರಜೆಯಲ್ಲಿ ಅವಳ ಸೋದರಮಾವ ಸ್ಟಿಕ್ಕರ್ ಕತ್ತರಿಸುವ ಪುಟ್ಟ ಮೆಷಿನ್ ಒಂದನ್ನು ತಂದುಕೊಟ್ಟರಂತೆ. ಮೊದಲು ತನ್ನ ನೀರಿನ ಬಾಟಲಿಗೆ ಹೆಸರು ಅಂಟಿಸಿಕೊಂಡಳು. ಆಮೇಲೆ ಅಪ್ಪನ ಸ್ಕೂಟರ್‌ಗೆ, ಪಕ್ಕದ ಮನೆಯ ಗೇಟಿಗೆ, ಎದುರುಮನೆ ಅಂಕಲ್ ಕಾರಿನ ಹಿಂದಿನ ಗಾಜಿಗೆ. ಈಗ ಕ್ಲಾಸ್ ಟೀಚರ್ ಕರೆದು, ‘ನಮ್ಮ ತರಗತಿಯ 42 ಮಕ್ಕಳ ಬಾಟಲಿಗೂ ಹೆಸರು ಮಾಡಿಕೊಡ್ತೀಯಾ? ಎಷ್ಟಾಗುತ್ತೆ ಹೇಳು, ದುಡ್ಡು ಒಟ್ಟು ಮಾಡೋಣ’ ಎಂದಿದ್ದಾರೆ.

‘ಒಂದಕ್ಕೆ 5 ರೂಪಾಯಿ ಅಂತ ಹೇಳೋಣ ಅಂದ್ಕೊಂಡೆ. ನೆರೆಹೊರೆಯವರ ಹತ್ರ, ಜೊತೆಗೆ ಓದೋರ ಹತ್ರ ದುಡ್ಡು ತಗೋಬಾರದು ಅಂತಾರೆ ಅಜ್ಜಿ. ಶೀಟಿನ ಕಾಸಾದರೂ ಹುಟ್ಟಬೇಕು ಅಂತಾರೆ ಅಪ್ಪ. ಜಾಸ್ತಿ ಹೇಳಿದರೆ ದುರಾಸೆ ಅಂತಾರೇನೋ ಅಂತ ಭಯ. ನೀವೇ ಹೇಳಿ’ ಎಂದು ಬರೆದು, ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ್ದಾಳೆ: ‘ಅಕ್ಷರ ಬಿಡಿಸೋದೆಲ್ಲ ಅಜ್ಜಿನೇ. ಹೂ ಕಟ್ಟಿದ ಕೈ, ಬೇಗ ಆಗುತ್ತೆ.’

ಈ ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಉತ್ತರ ಬರೆಯುವ ಮೊದಲು ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರದ ರೇಡಿಯಂ ಅಂಗಡಿಗೆ ಹೋಗಿ ಒಂದು ಬೆಳಗ್ಗೆ ಪೂರ್ತಿ ಕುಳಿತುಬಂದೆ. ಆಟೋದ ಹಿಂದೆ ‘ತಾಯಿಯ ಆಶೀರ್ವಾದ’, ಟ್ರ್ಯಾಕ್ಟರ್ ಮೇಲೆ ಮಕ್ಕಳ ಹೆಸರು, ಬೈಕಿನ ಟ್ಯಾಂಕಿಗೆ ಹುಲಿಯ ಮುಖ ಎಲ್ಲ ಹುಟ್ಟುವುದು ಅಲ್ಲಿಯೇ. ಅಂದಹಾಗೆ, ಮಕ್ಕಳೇ, ಆ ಅಂಗಡಿಯಲ್ಲಿ ರೇಡಿಯಂ ಒಂದು ಚೂರೂ ಇಲ್ಲ. ರೇಡಿಯಂ ಎಂಬ ಧಾತುವನ್ನು ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ ದಂಪತಿ 1898ರಲ್ಲಿ ಕಂಡುಹಿಡಿದರು. ಅದನ್ನು ಬೆರೆಸಿದ ಬಣ್ಣ ಕತ್ತಲಲ್ಲಿ ಹೊಳೆಯುತ್ತಿತ್ತು, ಗಡಿಯಾರದ ಅಂಕಿಗಳಿಗೆ ಬಳಿಯುತ್ತಿದ್ದರು. ಬಳಿಯುತ್ತಿದ್ದ ಹೆಣ್ಣುಮಕ್ಕಳು ಕಾಯಿಲೆ ಬಿದ್ದ ಮೇಲೆ ಅದು ಎಂಥ ಅಪಾಯದ ವಸ್ತು ಎಂದು ಲೋಕಕ್ಕೆ ಗೊತ್ತಾಯಿತು. ನಮ್ಮ ರಸ್ತೆಯಲ್ಲಿ ರಾತ್ರಿ ಮಿನುಗುವ ಸ್ಟಿಕ್ಕರ್‌ನಲ್ಲಿ ಇರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು. ಲಾರಿಯ ದೀಪ ಬಿದ್ದರೆ ಆ ಬೆಳಕನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸುತ್ತವೆ. ಹೆಸರು ಮಾತ್ರ ಹಳೆಯದೇ ಅಂಟಿಕೊಂಡಿದೆ.

ಮಾಮೂಲಿ ಬಣ್ಣದ ಸ್ಟಿಕ್ಕರ್ ಎಂದರೆ ವಿನೈಲ್, ಅಂದರೆ ಪಿವಿಸಿ ಪ್ಲಾಸ್ಟಿಕ್ಕಿನ ತೆಳು ಹಾಳೆ. ಅದರ ಹಿಂದೆ ಅಂಟು, ಅಂಟಿನ ಹಿಂದೆ ನುಣುಪಾದ ಕಾಗದ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಕಳಿಸಿದರೆ ಪ್ಲಾಟರ್ ಮೆಷಿನ್ನಿನ ಮೊಳೆಯಷ್ಟು ಸಣ್ಣ ಬ್ಲೇಡು ಮೇಲಿನ ಪ್ಲಾಸ್ಟಿಕ್ಕನ್ನು ಮಾತ್ರ ಕೊಯ್ದು, ಕೆಳಗಿನ ಕಾಗದವನ್ನು ಹಾಗೇ ಬಿಡುತ್ತದೆ. ಇಲ್ಲಿಗೆ ಮೆಷಿನ್ನಿನ ಕೆಲಸ ಮುಗಿಯಿತು. ಇನ್ನು ಮೇಲೆ ಎಲ್ಲ ಬೆರಳಿನದು. ಅಕ್ಷರದ ಸುತ್ತಲಿನ ಬೇಡದ ಪ್ಲಾಸ್ಟಿಕ್ಕನ್ನು ಚಿಮುಟದಿಂದ ಎಬ್ಬಿಸಿ ಬಿಡಿಸಬೇಕು. ಒಳಗಿನ ತೂತುಗಳನ್ನು ಒಂದೊಂದಾಗಿ ಕೀಳಬೇಕು. ಆಮೇಲೆ ಅಂಟುಟೇಪು ಮೇಲಿಟ್ಟು ಉಜ್ಜಿ, ಅಕ್ಷರಗಳನ್ನು ಅದರ ಮೇಲಕ್ಕೆ ಎತ್ತಿಕೊಂಡು, ಗಾಜಿಗೋ ತಗಡಿಗೋ ಅಂಟಿಸಬೇಕು.

ಈ ಬಿಡಿಸುವ ಕೆಲಸದಲ್ಲಿ ನಮ್ಮ ಕನ್ನಡ ಬಹಳ ಸತಾಯಿಸುತ್ತದೆ. ಇಂಗ್ಲಿಷಿನ ದಪ್ಪ ಅಕ್ಷರ ನಾಲ್ಕು ಗೆರೆಯಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಪ್ರತಿ ಅಕ್ಷರಕ್ಕೂ ಸುತ್ತು, ತಲೆಕಟ್ಟು, ಕೊಂಬು, ಕೆಳಗೆ ಒತ್ತು. ಸೊನ್ನೆಯ ಒಳಗೆ ಒಂದು ತೂತು, ‘ಠ’ದ ಹೊಟ್ಟೆಯಲ್ಲಿ ಒಂದು ಚುಕ್ಕಿ. ನಾನು ಕುಳಿತಿದ್ದಾಗಲೇ ಅಂಗಡಿಯ ಹುಡುಗ ‘ಶ್ರೀ ಧನಲಕ್ಷ್ಮಿ’ ಬಿಡಿಸುತ್ತಿದ್ದ. ಯಜಮಾನರು ಅವನ ತಲೆಯ ಮೇಲೇ ನಿಂತಿದ್ದರು. ‘ಧ’ದ ಹೊಟ್ಟೆ ಸೀಳು ಕಿತ್ತು ಬಂದರೆ ಅದು ದನಲಕ್ಷ್ಮಿ ಆಗಿಬಿಡುತ್ತದಲ್ಲ!

ಹಿಂದೆ ಬ್ರಶ್ ಹಿಡಿದು ಬೋರ್ಡ್ ಬರೆಯುತ್ತಿದ್ದ ಪೇಂಟರುಗಳನ್ನು ಅಜ್ಜ ಅಜ್ಜಿಯರು ನೆನಪಿಸಿಕೊಳ್ಳಬಹುದು. ಅವರಲ್ಲಿ ಕೆಲವರು ಅಕ್ಷರಕ್ಕೆ ಇಷ್ಟು ಎಂದು ದರ ಹೇಳುತ್ತಿದ್ದರು. ‘ಸ್ತ್ರೀ’ ಒಂದಕ್ಷರವೋ ಮೂರೋ ಎಂಬ ಜಗಳವನ್ನು ನಾನೇ ಕೇಳಿದ್ದೇನೆ. ಪೇಂಟರ್ ಮೂರು ಎನ್ನುತ್ತಿದ್ದ, ಅಂಗಡಿಯವನು ಒಂದು ಎನ್ನುತ್ತಿದ್ದ. 

ಈಗ ಲೆಕ್ಕಕ್ಕೆ ಬರೋಣ. ಪುಟ್ಟಿ, ನೋಟ್‌ಬುಕ್ ತೆಗೆದುಕೊಂಡು ಅಜ್ಜಿಯ ಪಕ್ಕ ಕೂತುಕೋ. ಇಲ್ಲಿನ ಬೆಲೆಗಳು ಲೆಕ್ಕಕ್ಕಾಗಿ ನಾನು ಹಿಡಿದವು. ನಿಮ್ಮೂರ ಬೆಲೆ ವಿಚಾರಿಸಿ ಬದಲಾಯಿಸಿಕೋ.

ಮೊದಲು ಶೀಟು. ಒಂದು ಹೆಸರಿಗೆ ಅಂಚೂ ಸೇರಿ 4 ಅಂಗುಲ ಉದ್ದ, 2 ಅಂಗುಲ ಅಗಲ ಜಾಗ ಬೇಕೆನ್ನೋಣ. ಅಕ್ಷರ ಆಕ್ರಮಿಸುವುದು ಇದರಲ್ಲಿ ಅರ್ಧವೂ ಇಲ್ಲ, ಆದರೆ ಉಳಿದದ್ದು ಕಸದ ಬುಟ್ಟಿಗೇ ಹೋಗುವುದರಿಂದ ಇಡೀ ಚೌಕದ ಲೆಕ್ಕ ಹಿಡಿಯಬೇಕು. ಒಂದಡಿ ಅಗಲದ ರೋಲಿನಲ್ಲಿ ಅಡ್ಡಕ್ಕೆ ಮೂರು ಹೆಸರು ಕೂರುತ್ತವೆ. 42 ಹೆಸರಿಗೆ 14 ಸಾಲು, ಅಂದರೆ 28 ಅಂಗುಲ ಉದ್ದ. ಅಡಿಗೆ 18 ರೂಪಾಯಿಯಂತೆ 42 ರೂಪಾಯಿ. ಅಷ್ಟೇ ಉದ್ದದ ಅಂಟುಟೇಪಿಗೆ ಇನ್ನೊಂದು 42. ಒಟ್ಟು 84.

ಎರಡನೆಯದು ಮೆಷಿನ್. ಮಾವ ಕೊಟ್ಟಿದ್ದು, ಪುಕ್ಕಟೆ ಎನ್ನಬೇಡ. ಅದು ಸವೆಯುತ್ತದೆ, ಬ್ಲೇಡು ಮೊಂಡಾಗುತ್ತದೆ, ಒಂದು ದಿನ ಕೆಟ್ಟು ಕೂರುತ್ತದೆ. ಆಗ ಮಾವನಿಗೆ ಮತ್ತೆ ಕಾಗದ ಬರೆಯುತ್ತೀಯಾ? 18,000 ರೂಪಾಯಿಯ ಮೆಷಿನ್ 9,000 ಸಣ್ಣ ಹೆಸರು ಕತ್ತರಿಸಿ ದಣಿಯುತ್ತದೆ ಎಂದರೆ ಹೆಸರಿಗೆ 2 ರೂಪಾಯಿ. 42 ಹೆಸರಿಗೆ ಇನ್ನೊಂದು 84. ಇದನ್ನು ಬೇರೆ ಡಬ್ಬಿಯಲ್ಲಿ ಹಾಕಿಡು.

ಮೂರನೆಯದು ಹೊತ್ತು. ಎಲ್ಲರೂ ಬಿಟ್ಟುಬಿಡುವುದು ಇದನ್ನೇ. ಟೀಚರ್ ಹತ್ತಿರ ಮಾತಾಡಿ, ಬಣ್ಣ ಆರಿಸಿ, ಅಂಚಿನ ಹೂಬಳ್ಳಿ ಬರೆದು ಮಾದರಿ ತಯಾರು ಮಾಡಲು ಒಂದು ಗಂಟೆ. ಒಂದೊಂದು ಹೆಸರು ಟೈಪ್ ಮಾಡಿ ಪಟ್ಟಿಯೊಂದಿಗೆ ತಾಳೆ ನೋಡಲು ಎರಡು ನಿಮಿಷ, ಒಟ್ಟು 84 ನಿಮಿಷ. ಕತ್ತರಿಸಲು ಅರ್ಧ ಗಂಟೆ. ಬಿಡಿಸಲು ಹೆಸರಿಗೆ ನಾಲ್ಕು ನಿಮಿಷದಂತೆ 168 ನಿಮಿಷ. ಟೇಪು ಹಾಕಿ ಬೇರೆ ಬೇರೆ ಮಾಡಲು ಒಂದೂವರೆ ನಿಮಿಷದಂತೆ 63. ಕೂಡಿಸು: 405 ನಿಮಿಷ, ಆರೂಮುಕ್ಕಾಲು ಗಂಟೆ.

ಈಗ ನಿನ್ನ 5 ರೂಪಾಯಿಯನ್ನು ನೋಡೋಣ. 42 ಹೆಸರಿಗೆ 210 ಬಂತು. ಶೀಟು ಟೇಪಿಗೆ 84, ಮೆಷಿನ್ನಿಗೆ 84 ಕಳೆದರೆ ಉಳಿದದ್ದು 42. ಆರೂಮುಕ್ಕಾಲು ಗಂಟೆಗೆ 42 ರೂಪಾಯಿ, ಗಂಟೆಗೆ ಆರು ರೂಪಾಯಿ ಚಿಲ್ಲರೆ. ಒಂದೆರಡು ಸ್ಟಿಕ್ಕರ್ ಹರಿದುಹೋದರೆ ಅದೂ ಇಲ್ಲ.

ಗಂಟೆಗೆ ಎಷ್ಟು ಹಿಡಿಯಬೇಕು? ನಿಮ್ಮೂರಲ್ಲಿ ಟೈಲರ್ ಅಂಗಡಿಯಲ್ಲಿ ಹೊಲಿಯುವವರಿಗೆ ದಿನಕ್ಕೆ ಏನು ಕೊಡುತ್ತಾರೆ ಎಂದು ಕೇಳಿ ಎಂಟರಿಂದ ಭಾಗಿಸು. ನಾನು 80 ಹಿಡಿದಿದ್ದೇನೆ. ಆಗ ಹೊತ್ತಿಗೆ 540, ಶೀಟು ಟೇಪು 84, ಮೆಷಿನ್ 84, ಒಟ್ಟು 708. ಹತ್ತರಲ್ಲಿ ಒಂದು ಕೆಡುತ್ತದೆ ಎಂದು ಅದರ ಹತ್ತನೇ ಒಂದು ಭಾಗ ಸೇರಿಸಿದರೆ 779. ಹೆಸರಿಗೆ ಹತ್ತೊಂಬತ್ತು ರೂಪಾಯಿಗೆ ಸ್ವಲ್ಪ ಕಮ್ಮಿ. ಚಿಲ್ಲರೆಯ ತಾಪತ್ರಯ ಬೇಡವೆಂದರೆ 20 ಎನ್ನು.

ಟೀಚರ್ ‘ಅಯ್ಯೋ, ಜಾಸ್ತಿಯಾಯ್ತಲ್ಲಮ್ಮ’ ಎಂದರೆ? ದರ ಇಳಿಸಬೇಡ, ಕೆಲಸ ಇಳಿಸು. ಅಂಚಿನ ಹೂಬಳ್ಳಿ ತೆಗೆದುಹಾಕು. ಬಿಡಿಸುವ ಹೊತ್ತು ನಾಲ್ಕು ನಿಮಿಷದಿಂದ ಎರಡಕ್ಕೆ ಇಳಿಯುತ್ತದೆ, ಹೆಸರು 16 ರೂಪಾಯಿಗೆ ಬರುತ್ತದೆ. ಹೂಬಳ್ಳಿ ಬೇಕಾದವರಿಗೆ 20, ಬೇಡವಾದವರಿಗೆ 16. ಆಯ್ಕೆ ಅವರಿಗೇ ಬಿಡು.

ಇನ್ನು ಅಜ್ಜಿಯ ಮಾತು. ನೆರೆಹೊರೆಯವರಿಂದ ದುಡ್ಡು ತೆಗೆದುಕೊಳ್ಳಬಾರದು ಎನ್ನುವುದನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮಲ್ಲಿ ಮುಯ್ಯಿ ಎಂಬುದಿದೆ. ಪಕ್ಕದ ಮನೆಯವರು ಯುಗಾದಿಗೆ ಹೋಳಿಗೆ ಕಳಿಸಿದ ಪಾತ್ರೆಯನ್ನು ಯಾರೂ ಖಾಲಿ ವಾಪಸ್ ಕೊಡುವುದಿಲ್ಲ. ಆ ಮನೆಯ ಗೇಟಿಗೆ ಹೆಸರು ಅಂಟಿಸಿಕೊಟ್ಟದ್ದು ಆ ಲೆಕ್ಕಕ್ಕೆ ಸೇರಲಿ, ಅದಕ್ಕೆ ಒಂದು ಪೈಸೆಯೂ ಬೇಡ. ಆದರೆ ಎದುರುಮನೆ ಅಂಕಲ್ಲಿನ ಆಫೀಸಿನವರು, ಅವರ ಷಡ್ಡಕನ ಮೂರು ಬೈಕುಗಳು ಮುಯ್ಯಿಯ ಸಾಲಿಗೆ ಬರುವುದಿಲ್ಲ. ಅವರು ನಿಮ್ಮ ಮನೆಗೆ ಹೋಳಿಗೆ ಕಳಿಸಿದವರಲ್ಲ. ಕೊಟ್ಟರೆ ಪೂರ್ತಿ ಉಡುಗೊರೆಯಾಗಿ ಕೊಡು, ಇಲ್ಲವೇ ಪೂರ್ತಿ ಬೆಲೆಗೆ ಕೊಡು. ಅರ್ಧ ಬೆಲೆಗೆ ಕೊಟ್ಟರೆ ತೆಗೆದುಕೊಂಡವರಿಗೆ ಉಡುಗೊರೆ ಪಡೆದ ನೆನಪೂ ಇರದು, ನಿನಗೆ ದುಡಿಮೆಯೂ ದಕ್ಕದು.

ಅಪ್ಪನ ಮಾತು, ಶೀಟಿನ ಕಾಸು ಹುಟ್ಟಿದರೆ ಸಾಕು ಎಂಬುದು, ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ರೇಡಿಯಂ ಅಂಗಡಿಯ ಯಜಮಾನರು ಹೇಳಿದ್ದನ್ನು ಕೇಳು: ‘ಮನೇಲಿ ಮಾಡೋರು ಶೀಟಿನ ರೇಟಿಗೆ ಕೊಟ್ಟುಬಿಟ್ರೆ ನನ್ನ ಅಂಗಡಿ ಬಾಡಿಗೆ ಯಾರು ಕಟ್ತಾರೆ ಸ್ವಾಮಿ? ನನ್ನ ಹತ್ರ ಬಂದು, ಅಲ್ಲಿ ಐದು ರೂಪಾಯಿ, ನೀವೇನು ಕಿತ್ಕೋತೀರಾ ಅಂತಾರೆ.’ ಅವರಿಗೆ ಬಾಡಿಗೆ ಇದೆ, ಕರೆಂಟು ಇದೆ, ಹುಡುಗನ ಸಂಬಳ ಇದೆ. ನಂಬರ್ ಪ್ಲೇಟಿನ ಕೆಲಸವೇ ಅವರ ಅನ್ನವಾಗಿತ್ತು. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಕಂಪನಿಯಿಂದಲೇ ಹೈ ಸೆಕ್ಯುರಿಟಿ ಪ್ಲೇಟು ಬರತೊಡಗಿ ಅದೂ ಹೋಯಿತು. ಈಗ ಆಯುಧಪೂಜೆಯ ವಾರ ರಾತ್ರಿ ಹಗಲು ದುಡಿದು ಉಳಿದ ತಿಂಗಳುಗಳನ್ನು ತಳ್ಳುತ್ತಾರೆ. ನಿನಗೆ ಇದು ಆಟ, ಆಡು. ಆದರೆ ಆಟದ ಬೆಲೆಯನ್ನು ಊರಿನ ಬೆಲೆಯಾಗಿಸಬೇಡ. ಒಂದು ದಿನ ಅಪ್ಪನ ಜೊತೆ ನಿಮ್ಮೂರ ರೇಡಿಯಂ ಅಂಗಡಿಗೆ ಹೋಗಿ ಅವರ ದರ ಕೇಳಿಕೊಂಡು ಬಾ. ಹೊಸ ಕೆಲಸವನ್ನೂ ಕಲಿಯಬಹುದು. ಬೈಕಿನ ಟ್ಯಾಂಕಿನಂಥ ಉಬ್ಬಿಗೆ ಯಾವ ಶೀಟು ಕೂರುತ್ತದೆ, ಗಾಜಿಗೆ ಸೋಪಿನ ನೀರು ಚಿಮುಕಿಸಿ ಅಂಟಿಸುವುದು ಹೇಗೆ ಎಂಬುದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಿಕೊಡಲಾರರು.

ಈಗ ಆ ಸಣ್ಣ ಅಕ್ಷರದ ಸಾಲು. ಮೇಲಿನ 405 ನಿಮಿಷದಲ್ಲಿ ಬಿಡಿಸುವುದಕ್ಕೇ 168 ನಿಮಿಷ ಹಿಡಿಯಿತಲ್ಲ, ಎರಡು ಗಂಟೆ ನಲವತ್ತೆಂಟು ನಿಮಿಷ, ಅದು ನಿನ್ನದಲ್ಲ, ಅಜ್ಜಿಯದು. ನಮ್ಮ ಲೆಕ್ಕದಲ್ಲಿ 224 ರೂಪಾಯಿ. ಬಿಡಿ ಹೂವಿನ ಬೆಲೆಗೂ ಕಟ್ಟಿದ ಹೂವಿನ ಮೊಳದ ಬೆಲೆಗೂ ಎಷ್ಟು ವ್ಯತ್ಯಾಸ ಎಂದು ಅಜ್ಜಿಯನ್ನೇ ಕೇಳು. ನಡುವಿನ ಆ ದುಡ್ಡು ಯಾರ ಬೆರಳಿನದೆಂದು ಅವರಿಗೆ ಚೆನ್ನಾಗಿ ಗೊತ್ತು. ಕೊಡಲು ಹೋದರೆ ‘ನನಗ್ಯಾಕೆ ಬಿಡೇ’ ಎನ್ನುತ್ತಾರೆ, ಅದು ಖಂಡಿತ. ಆದರೂ ನೋಟ್‌ಬುಕ್ಕಿನಲ್ಲಿ ಅವರ ಹೆಸರಿಗೆ ಒಂದು ಪುಟ ಇರಲಿ, ಪ್ರತಿ ಆರ್ಡರಿಗೂ ನಿಮಿಷ ಬರೆದಿಡು. ಅಜ್ಜಿಯವರೇ, ನಿಮಗೂ ಒಂದು ಮಾತು: ಲೆಕ್ಕದಲ್ಲಿ ನಿಮ್ಮ ಹೊತ್ತು ಸೊನ್ನೆಯಾದರೆ ಮೊಮ್ಮಗಳು ಹೇಳುವ ಬೆಲೆ ತಪ್ಪಾಗುತ್ತದೆ. ನಾಳೆ ನೀವು ಊರಿಗೆ ಹೋದಾಗ, ಕಣ್ಣು ನೋಯಿಸಿಕೊಂಡು ಕೂತಾಗ, ಆ ಬೆಲೆಗೆ ಅವಳೊಬ್ಬಳೇ ಮಾಡಲಾಗುವುದಿಲ್ಲ. ಬಿಡಿಸುವ ಮೇಜಿಗೆ ಒಳ್ಳೆಯ ದೀಪವೊಂದನ್ನು ಮೊದಲ ಲಾಭದಲ್ಲೇ ಕೊಳ್ಳಲು ಹೇಳಿ.

ಉಳಿದದ್ದು ಚಿಕ್ಕಪುಟ್ಟ ಮಾತು. ಹೆಸರುಗಳನ್ನು ಬಾಯಲ್ಲಿ ಕೇಳಿ ಬರೆದುಕೊಳ್ಳಬೇಡ, ಅವರವರ ಕೈಯಲ್ಲೇ ಬರೆಸಿಕೋ. ಶ್ರೇಯಾ, ಶ್ರೇಯ, ಶ್ರೀಯಾ ಮೂವರೂ ಒಂದೇ ತರಗತಿಯಲ್ಲಿರಬಹುದು. ಕತ್ತರಿಸುವ ಮೊದಲು ತೋರಿಸಿ ಒಪ್ಪಿಗೆ ತೆಗೆದುಕೋ. ಒಪ್ಪಿದ ಮೇಲೆ ಬದಲಾಯಿಸಿದರೆ ಇನ್ನೊಂದರ ದುಡ್ಡು. ಅರ್ಧ ಹಣ ಮುಂಗಡ. ಕಾರ್ಟೂನ್ ಗೊಂಬೆ, ಕ್ರಿಕೆಟ್ ತಂಡದ ಲಾಂಛನ ಬೇಕು ಎಂದವರಿಗೆ ಆಗುವುದಿಲ್ಲ ಎನ್ನು. ಅವುಗಳಿಗೆ ಮಾಲೀಕರಿದ್ದಾರೆ, ಅನುಮತಿಯಿಲ್ಲದೆ ಮಾರುವಂತಿಲ್ಲ. ನಂಬರ್ ಪ್ಲೇಟು, ‘ಪೊಲೀಸ್’, ‘ಪ್ರೆಸ್’ ಮುಟ್ಟಲೇಬೇಡ. ಮಾರ್ಚ್ ತಿಂಗಳಲ್ಲಿ ಪರೀಕ್ಷೆ, ಮೆಷಿನ್ನಿಗೆ ಬಟ್ಟೆ ಮುಚ್ಚಿಡು.

ಬಾಟಲಿಯನ್ನು ಚೆನ್ನಾಗಿ ಒರೆಸಿ, ಎಣ್ಣೆ ಪಸೆ ತೆಗೆದು ಅಂಟಿಸಬೇಕು, ಒಂದು ದಿನ ತೊಳೆಯಬಾರದು ಎಂದು ಎಲ್ಲರಿಗೂ ಚೀಟಿ ಬರೆದುಕೊಡು. ಹಳೆಯ ಸ್ಟಿಕ್ಕರ್ ಕಿತ್ತು ಹೊಸದು ಅಂಟಿಸಿಕೊಡು ಎನ್ನುವವರು ಬಂದೇ ಬರುತ್ತಾರೆ. ಕೂದಲು ಒಣಗಿಸುವ ಡ್ರೈಯರಿನ ಬಿಸಿ ಗಾಳಿ ಹಿಡಿದರೆ ಅಂಟು ಸಡಿಲವಾಗಿ ಏಳುತ್ತದೆ. ಅದಕ್ಕೂ ಹತ್ತು ನಿಮಿಷ ಬೇಕು, ಅದರ ದರ ಬೇರೆ.